ಮಾರಾಟಕ್ಕಿಲ್ಲದ ಆಟಕ್ಕೂ ಮಾಲೀಕರಿದ್ದಾರೆ

ಮಾನ್ಯ ಸಂಪಾದಕರೆ,

ಹಳೆಯ ಕಂಪ್ಯೂಟರ್ ಆಟಗಳ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಓದಿದೆ. ಡೇವ್, ಪ್ರಿನ್ಸ್, ರೋಡ್ ರ‍್ಯಾಶ್ ಮೊದಲಾದ ಆಟಗಳು ಒಂದು ಕಾಲಕ್ಕೆ ಈ ಭಾಗದ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿಯೂ ಸೈಬರ್ ಕೆಫೆಗಳಲ್ಲಿಯೂ ಮನೆಮಾತಾಗಿದ್ದವು. ಅವನ್ನು ಹುಡುಕಿ ತೆಗೆದು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಓಡಿಸುತ್ತಿರುವ ಯುವಕರನ್ನು ಬರಹ ಮೆಚ್ಚಿಕೊಂಡಿದೆ. ಆ ಮೆಚ್ಚುಗೆಗೆ ನನ್ನ ತಕರಾರಿಲ್ಲ. ಆದರೆ ಕಂಪನಿಗಳು ಕೈಬಿಟ್ಟ ಆಟಗಳಾದ್ದರಿಂದ ಇವನ್ನು ಯಾರು ಬೇಕಾದರೂ ಹಂಚಬಹುದು, ಯಾರು ಬೇಕಾದರೂ ಮತ್ತೆ ಕಟ್ಟಬಹುದು ಎಂಬ ಅರ್ಥದ ಮಾತೊಂದು ಅದರ ನಡುವೆ ಬಂದಿದೆ. ಹಂಚುವುದು ಮತ್ತು ಮರಳಿ ಕಟ್ಟುವುದು ಕಾನೂನಿನ ದೃಷ್ಟಿಯಲ್ಲಿ ಎರಡು ಪ್ರತ್ಯೇಕ ಕೆಲಸಗಳು. ಮೊದಲನೆಯದಕ್ಕೆ ಮಾಲೀಕರ ಅನುಮತಿ ಬೇಕೇ ಬೇಕು. ಎರಡನೆಯದನ್ನು ಕ್ರಮವರಿತು ಮಾಡಿದರೆ ಯಾರ ಅನುಮತಿಯೂ ಬೇಕಿಲ್ಲ. ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ವಿದ್ಯಾರ್ಥಿಗಳು ತಪ್ಪಾದುದನ್ನು ನಿರ್ಭಯವಾಗಿ ಮಾಡಿ, ಸರಿಯಾದುದರ ಗೊಡವೆಗೇ ಹೋಗದಿರುವ ಸಾಧ್ಯತೆ ಇದೆ. ಅದಕ್ಕಾಗಿ ಈ ಪತ್ರ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಬೋಧಿಸುವವನು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಆರಿಸುವ ಹೊತ್ತಿಗೆ ಒಂದಿಲ್ಲೊಂದು ತಂಡ ಹಳೆಯ ಆಟವೊಂದನ್ನು ಮೊಬೈಲಿಗೆ ತರುವ ಆಸೆಯಿಂದ ಬರುತ್ತದೆ. ಅದರ ಹಕ್ಕು ಯಾರ ಬಳಿ ಇದೆಯೆಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಸರ್, ಆ ಕಂಪನಿನೇ ಬಂದ್ ಆಗ್ಯಾದ್ರಿ, ಈಗ ಕೇಳೋರು ಯಾರ್ ಅದಾರ?"

ಈ ಉತ್ತರದ ಹಿಂದಿರುವುದು ಹೊಲದ ಲೆಕ್ಕ. ಮಾಲೀಕನು ತಿರುಗಿಯೂ ನೋಡದ ಖಾಸಗಿ ಜಮೀನನ್ನು ಇನ್ನೊಬ್ಬನು ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದರೆ ಅದನ್ನು ಮರಳಿ ಕೇಳುವ ಮಾಲೀಕನ ಹಕ್ಕು ಕಳೆದುಹೋಗುತ್ತದೆ ಎಂಬುದು 1963ರ ಕಾಲಮಿತಿ ಕಾಯ್ದೆಯ ನಿಯಮ. ನಮ್ಮ ಜಿಲ್ಲೆಯ ಕೋರ್ಟುಗಳ ಮೆಟ್ಟಿಲು ಹತ್ತಿದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೌದ್ಧಿಕ ಆಸ್ತಿಯ ಬೇರೆ ಕಾಯ್ದೆಗಳಲ್ಲಿಯೂ ಬಳಸದವನಿಗೆ ಕಟ್ಟುಪಾಡುಗಳಿವೆ. ನೋಂದಾಯಿತ ಟ್ರೇಡ್‌ಮಾರ್ಕನ್ನು ಐದು ವರ್ಷ ಬಳಸದೆ ಬಿಟ್ಟರೆ ಅದನ್ನು ತೆಗೆದುಹಾಕಿಸಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 47ರ ಕೆಳಗೆ ಅರ್ಜಿ ಹಾಕಬಹುದು. ಪೇಟೆಂಟ್ ಪಡೆದವನು ಅದನ್ನು ಭಾರತದಲ್ಲಿ ಬಳಕೆಗೆ ತರದಿದ್ದರೆ ಮೂರು ವರ್ಷಗಳ ನಂತರ ಇನ್ನೊಬ್ಬರು ಕಡ್ಡಾಯ ಪರವಾನಗಿ ಕೇಳಬಹುದು. ಹಕ್ಕುಸ್ವಾಮ್ಯದಲ್ಲಿ ಮಾತ್ರ ಮಾಲೀಕನು ಸುಮ್ಮನೆ ಕುಳಿತ ಕಾರಣಕ್ಕೆ ಹಕ್ಕು ಕರಗುವುದಿಲ್ಲ. ಆತ ಮಾರದಿರಬಹುದು, ಆಡಲು ಬಿಡದಿರಬಹುದು, ತನ್ನ ಬಳಿ ಅಂಥದ್ದೊಂದು ಆಟ ಇದೆಯೆಂಬುದನ್ನೇ ಮರೆತಿರಬಹುದು. ಹಕ್ಕು ಇದ್ದ ಹಾಗೆಯೇ ಇರುತ್ತದೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಸೇರಿಸಿದೆ. ಕಾದಂಬರಿಗೆ ಇರುವಷ್ಟೇ ಆಯುಷ್ಯ ಅದಕ್ಕೂ ಇದೆ: ಕರ್ತೃವಿನ ಜೀವಿತಾವಧಿ ಮತ್ತು ಆತನ ಮರಣಾನಂತರದ 60 ವರ್ಷ. ವಿದೇಶದ ಆಟವೆಂದು ನಮ್ಮ ಕಾಯ್ದೆ ಅದನ್ನು ಹೊರಗಿಡುವುದಿಲ್ಲ. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಸದಸ್ಯ ರಾಷ್ಟ್ರವಾಗಿ ಭಾರತವು ಅಮೆರಿಕದ ಕೃತಿಗೂ ಜಪಾನಿನ ಕೃತಿಗೂ ಇಲ್ಲಿ ರಕ್ಷಣೆ ಕೊಡುತ್ತದೆ. ಅಮೆರಿಕದಲ್ಲಿ ನೌಕರರು ಕಂಪನಿಗಾಗಿ ರಚಿಸಿದ ಕೃತಿಗೆ ಪ್ರಕಟಣೆಯಿಂದ 95 ವರ್ಷಗಳ ಅವಧಿ ಇರುವುದರಿಂದ 1990ರಲ್ಲಿ ಬಂದ ಅಂಥ ಆಟವೊಂದು ಅಲ್ಲಿ ಮುಕ್ತವಾಗುವುದು 2085 ಮುಗಿದ ಮೇಲೆ. ನಮ್ಮಲ್ಲಿ ಡೇವ್ ಎಂದೇ ಹೆಸರಾದ ಡೇಂಜರಸ್ ಡೇವ್ ಆಟದ ಡಾಸ್ (ವಿಂಡೋಸ್‌ಗೂ ಹಿಂದಿನ ಕಂಪ್ಯೂಟರ್ ವ್ಯವಸ್ಥೆ) ಆವೃತ್ತಿ ಬಂದದ್ದು ಅದೇ 1990ರಲ್ಲಿ. ಅದನ್ನು ರಚಿಸಿದ ಜಾನ್ ರೊಮೆರೊ ಇಂದಿಗೂ ಆಟಗಳನ್ನು ರೂಪಿಸುತ್ತಿರುವ ವ್ಯಕ್ತಿ. ಆ ಆಟವನ್ನು ಹಳೆಯದೆನ್ನುವುದು ನಮ್ಮ ನೆನಪಿನ ಅಳತೆಯೇ ಹೊರತು ಕಾನೂನಿನ ಅಳತೆಯಲ್ಲ.

ಹಕ್ಕನ್ನು ಬಿಟ್ಟುಕೊಡಲು ಕಾಯ್ದೆಯಲ್ಲಿ ದಾರಿ ಇಲ್ಲವೆಂದಲ್ಲ. ಸೆಕ್ಷನ್ 21ರ ಪ್ರಕಾರ ಕರ್ತೃವು ಹಕ್ಕುಸ್ವಾಮ್ಯ ರಿಜಿಸ್ಟ್ರಾರರಿಗೆ ನೋಟಿಸ್ ಕೊಟ್ಟು ಅಥವಾ ಸಾರ್ವಜನಿಕ ಪ್ರಕಟಣೆ ಹೊರಡಿಸಿ ತನ್ನ ಹಕ್ಕನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ತ್ಯಜಿಸಬಹುದು. ತ್ಯಾಗಕ್ಕೆ ಇಷ್ಟು ಸ್ಪಷ್ಟವಾದ ವಿಧಾನವನ್ನು ಕಾಯ್ದೆಯೇ ಹೇಳಿರುವಾಗ ಮೌನವನ್ನು ತ್ಯಾಗವೆಂದು ಓದಿಕೊಳ್ಳಲು ಅವಕಾಶವಿಲ್ಲ.

ಕಂಪನಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ವೆಸ್ಟ್‌ವುಡ್ ಸ್ಟುಡಿಯೋಸ್ ಒಳ್ಳೆಯ ಉದಾಹರಣೆ. ಕಮಾಂಡ್ ಅಂಡ್ ಕಾಂಕರ್ ಎಂಬ ಯುದ್ಧದ ಆಟವನ್ನು ರೂಪಿಸಿದ ಆ ಸಂಸ್ಥೆಯನ್ನು ಎಲೆಕ್ಟ್ರಾನಿಕ್ ಆರ್ಟ್ಸ್ 1998ರಲ್ಲಿ ಕೊಂಡು 2003ರಲ್ಲಿ ಮುಚ್ಚಿತು. ಬಾಗಿಲು ಹಾಕಿದ್ದು ಸ್ಟುಡಿಯೋಗೆ. ಆಟದ ಹಕ್ಕು ಕೊಂಡವರ ಬಳಿಯೇ ಉಳಿಯಿತು. ಅದೇ ಕಂಪನಿ 2007ರಲ್ಲಿ ಆ ಸರಣಿಯ ಮೊದಲ ಆಟವನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು, 2020ರಲ್ಲಿ ಒಂದಷ್ಟು ಸೋರ್ಸ್ ಕೋಡನ್ನೂ, ಅಂದರೆ ಪ್ರೋಗ್ರಾಮಿನ ಮೂಲ ಸಾಲುಗಳನ್ನೂ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಪರವಾನಗಿಯ ಕೆಳಗೆ ಕೊಟ್ಟಿತು. ಕೊಡಲು ಹಕ್ಕಿದ್ದವರು ಕೊಟ್ಟ ಮೇಲೆ ಹಂಚುವವರಿಗೆ ಕೊಟ್ಟ ಷರತ್ತಿನೊಳಗೆ ಅಡ್ಡಿಯಿಲ್ಲ. ಇದಕ್ಕಿಂತ ಗೋಜಲಾದದ್ದು 2000ದಲ್ಲಿ ಬಂದ ನೋ ಒನ್ ಲಿವ್ಸ್ ಫಾರೆವರ್ ಎಂಬ ಆಟದ ಕಥೆ. ಕಂಪನಿಗಳು ಒಂದನ್ನೊಂದು ನುಂಗುತ್ತ ಹೋಗಿ ಅದರ ಹಕ್ಕು ವಾರ್ನರ್, ಆಕ್ಟಿವಿಷನ್, ಫಾಕ್ಸ್ ಇವುಗಳ ನಡುವೆ ಎಲ್ಲಿಯೋ ಸಿಕ್ಕಿಕೊಂಡಿತು. ಹಳೆಯ ಆಟಗಳನ್ನು ಕಾನೂನುಬದ್ಧವಾಗಿ ಮರುಪ್ರಕಟಿಸುವ ನೈಟ್‌ಡೈವ್ ಸಂಸ್ಥೆ ಎಲ್ಲರ ಬಾಗಿಲು ತಟ್ಟಿದರೂ ಕೆಲಸ ಕೈಗೂಡಲಿಲ್ಲ. ತಮ್ಮ ಬಳಿ ಏನಿದೆಯೆಂದು ನಿಖರವಾಗಿ ಹೇಳಲಾಗದ ಕಂಪನಿಗಳು ಸಹ ಬಿಟ್ಟುಕೊಡಲು ಸಿದ್ಧವಿರಲಿಲ್ಲ. ಮಾಲೀಕರು ಯಾರೆಂದು ಗೊತ್ತಾಗದ ಸ್ಥಿತಿ ಬೇರೆ, ಮಾಲೀಕರೇ ಇಲ್ಲದ ಸ್ಥಿತಿ ಬೇರೆ.

ಇನ್ನು ಹಂಚುವುದರ ಮಾತು. ಆಟದ ಫೈಲುಗಳನ್ನು ನಕಲು ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರೂ ಟೆಲಿಗ್ರಾಂ ಗುಂಪಿನಲ್ಲಿ ಹಾಕಿದರೂ ಅದು ಸೆಕ್ಷನ್ 14ರಲ್ಲಿ ಮಾಲೀಕರಿಗೆ ಮಾತ್ರ ಮೀಸಲಾದ ನಕಲು ಮಾಡುವ ಮತ್ತು ಪ್ರತಿಗಳನ್ನು ಸಾರ್ವಜನಿಕರಿಗೆ ಕೊಡುವ ಹಕ್ಕಿನ ಉಲ್ಲಂಘನೆ. ಹಣ ಪಡೆಯಲಿಲ್ಲ ಎಂಬುದು ಶಿಕ್ಷೆಯ ಪ್ರಮಾಣವನ್ನು ತಗ್ಗಿಸಬಹುದು, ಉಲ್ಲಂಘನೆಯನ್ನು ಅಳಿಸುವುದಿಲ್ಲ. ಸೆಕ್ಷನ್ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಈ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದೆಂದೂ ಇದು ಜಾಮೀನುರಹಿತವೆಂದೂ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಕಲಿ ಪ್ರತಿಯೆಂದು ತಿಳಿದೂ ಪ್ರೋಗ್ರಾಂ ಬಳಸುವುದಕ್ಕೆ ಸೆಕ್ಷನ್ 63ಬಿ ಪ್ರತ್ಯೇಕವಾಗಿದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ಸೆರೆವಾಸ ವಿಧಿಸದೆ 50,000 ರೂಪಾಯಿವರೆಗಿನ ದಂಡಕ್ಕೆ ಮುಗಿಸುವ ವಿವೇಚನೆಯನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿದೆ. ಡೇವ್ ಆಡಿದ ಹುಡುಗನ ಮನೆಗೆ ಪೊಲೀಸ್ ಜೀಪು ಬರುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಅಷ್ಟು ಪುರುಸೊತ್ತು ಯಾವ ಠಾಣೆಗೂ ಇಲ್ಲ. ಆದರೆ ಪತ್ರಿಕೆಯೊಂದು ಮಾಡಬಹುದೆಂದು ಬರೆಯುವಾಗ ಮಾಡಿದರೆ ಯಾರೂ ಹಿಡಿಯುವುದಿಲ್ಲವೆಂಬ ಅನುಭವವನ್ನು ಅನುಮತಿಯ ಜಾಗದಲ್ಲಿ ಕೂರಿಸಬಾರದು.

ಇಂತಹ ಆಟಗಳನ್ನು ಇಳಿಸಿಕೊಳ್ಳಲು ಕೊಡುವ ಅನೇಕ ಜಾಲತಾಣಗಳು ಹಕ್ಕುದಾರರು ಆಕ್ಷೇಪಿಸಿದರೆ ತೆಗೆದುಹಾಕುತ್ತೇವೆ ಎಂದು ಬರೆದುಕೊಂಡಿರುತ್ತವೆ. ಹಕ್ಕುದಾರರು ಇದ್ದಾರೆಂಬುದಕ್ಕೆ ಅವುಗಳದೇ ಸಾಕ್ಷ್ಯ ಅದು. ಅಮೆರಿಕದ ಇಂಟರ್‌ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಇಟ್ಟಿದ್ದನ್ನು ನನ್ನ ವಿದ್ಯಾರ್ಥಿಗಳು ಸದಾ ಎತ್ತಿ ತೋರಿಸುತ್ತಾರೆ. ಸಂರಕ್ಷಣೆಯ ದೃಷ್ಟಿಯಿಂದ ಅದು ದೊಡ್ಡ ಕೆಲಸವೇ. ಆದರೂ ಅಲ್ಲಿ ಇದೆ ಎಂಬುದು ಇಲ್ಲಿ ಹಂಚಲು ಯಾರೂ ಕೊಟ್ಟ ಪರವಾನಗಿಯಲ್ಲ. ತನ್ನದೇ ಅಸಲಿ ಸಿಡಿ ಇರುವವನ ವಿಷಯ ಬೇರೆ. ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ಸ್ವಂತದ, ವಾಣಿಜ್ಯೇತರ ಬಳಕೆಗೆ ನಕಲು ಮಾಡಿಕೊಳ್ಳಲು ಸೆಕ್ಷನ್ 52(1)(ಎಡಿ) ಅವಕಾಶ ಕೊಟ್ಟಿದೆ. ನಮ್ಮ ಕಡೆಯ ಸೈಬರ್ ಕೆಫೆಗಳ ಕಾಲದಲ್ಲಿ ಅಸಲಿ ಸಿಡಿಯನ್ನು ಕಣ್ಣಾರೆ ಕಂಡವರು ಎಷ್ಟು ಜನ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತದಿರುವುದೇ ಲೇಸು.

ಈಗ ಮರಳಿ ಕಟ್ಟುವುದಕ್ಕೆ ಬರುತ್ತೇನೆ. ನಮ್ಮ ಕಾಲೇಜುಗಳಿಗೆ ನಿಜವಾಗಿ ಬೇಕಾದದ್ದು ಇದು. ಕಲ್ಪನೆಗೆ, ವಸ್ತುವಿಗೆ, ಕಥೆಯ ಹಂದರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅವುಗಳನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತನ್ನ ನಾಟಕವನ್ನು ಸಿನಿಮಾದವರು ಕದ್ದಿದ್ದಾರೆಂಬ ದೂರು ಅದು. ಆಟಗಳಿಗೂ ಅದೇ ತತ್ವ. ಪ್ರಿನ್ಸ್ ಆಟದಲ್ಲಿ ಬರುವ ಓಡುವುದು, ಹಾರುವುದು, ಕಾಲಿಟ್ಟರೆ ಕುಸಿಯುವ ಹಾಸುಗಲ್ಲು, ನೆಲದಿಂದ ಚಿಮ್ಮುವ ಮೊಳೆಗಳು, ಒಂದು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮ, ಇವು ಯಾವುವೂ ಯಾರ ಸೊತ್ತೂ ಅಲ್ಲ. ಆ ಓಟವನ್ನು ತೋರಿಸಲು ಬರೆದ ಚಿತ್ರಗಳು, ಅರಮನೆಯ ನಕ್ಷೆ, ಸಂಗೀತ, ಪ್ರೋಗ್ರಾಮಿನ ಸಾಲುಗಳು ಮಾಲೀಕರ ಸೊತ್ತು.

ಪ್ರಿನ್ಸ್ ಆಫ್ ಪರ್ಷಿಯಾ ಆಟವನ್ನೇ ತೆಗೆದುಕೊಳ್ಳೋಣ. ಜೋರ್ಡನ್ ಮೆಕ್ನರ್ ತಮ್ಮ ಸಹೋದರನ ಓಟ ಮತ್ತು ಜಿಗಿತಗಳನ್ನು ವಿಡಿಯೋದಲ್ಲಿ ಸೆರೆಹಿಡಿದು, ಅದರ ಮೇಲಿಂದ ಒಂದೊಂದೇ ಚಿತ್ರ ಬರೆದು 1989ರಲ್ಲಿ ಅದನ್ನು ಆಪಲ್ ಯಂತ್ರಕ್ಕೆ ರೂಪಿಸಿದರು. ಕಳೆದೇಹೋಗಿತ್ತೆಂದುಕೊಂಡಿದ್ದ ಮೂಲ ಸೋರ್ಸ್ ಕೋಡಿನ ಡಿಸ್ಕುಗಳು ಸಿಕ್ಕ ಮೇಲೆ 2012ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರು. ಓದಿ, ಅಭ್ಯಾಸ ಮಾಡಿ, ತಿದ್ದಿ ನೋಡಿ, ನನಗೆ ಅಭ್ಯಂತರವಿಲ್ಲ ಎಂದವರೇ, ಇದರಿಂದ ಯೂಬಿಸಾಫ್ಟ್ ಕಂಪನಿ ನಡೆಸುತ್ತಿರುವ ಆ ಹೆಸರಿನ ಆಟಗಳ ಸರಣಿಯಲ್ಲಿ ಯಾರಿಗೂ ಯಾವ ಹಕ್ಕೂ ದೊರೆಯುವುದಿಲ್ಲ ಎಂದೂ ಸೇರಿಸಿದರು. ಬರೆದವರೇ ಬೀದಿಗೆ ತಂದಿಟ್ಟ ಕೋಡಿನ ಪರಿಸ್ಥಿತಿಯೇ ಹೀಗಿರುವಾಗ ಯಾರೂ ಏನೂ ಹೇಳದ ಆಟವನ್ನು ಮುಕ್ತವೆಂದು ತಿಳಿಯುವುದು ಹೇಗೆ?

ಅದೇ ಆಟದ ಗುಂಗಿನಲ್ಲಿ ಬೀದರಿನ ವಿದ್ಯಾರ್ಥಿಗಳು ತಮ್ಮದೇ ಆಟ ಕಟ್ಟಬಹುದು. ಬೀದರ್ ಕೋಟೆಯ ಕಂದಕ, ರಂಗೀನ್ ಮಹಲಿನ ಮುತ್ತುಚಿಪ್ಪಿನ ಕುಸುರಿ, ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಇವೆಲ್ಲ ಕಾಲಿಗೆಟುಕುವ ದೂರದಲ್ಲಿವೆ. ಓಡುವವನು ಸಹಪಾಠಿಯೇ ಆಗಲಿ, ಅವನ ವಿಡಿಯೋ ತೆಗೆದು ಅದರ ಮೇಲಿಂದ ಚಿತ್ರ ಬರೆಯಲಿ, ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ. ಹೆಸರು ಹೊಸದಿರಲಿ, ಮಾತು ಕನ್ನಡದಲ್ಲಿರಲಿ. ಆಗ ಅದು ಅವರ ಕೃತಿ, ಅದರ ಹಕ್ಕೂ ಅವರದು. ರೋಡ್ ರ‍್ಯಾಶ್ ಹಾಗೆ ಬೈಕಿನ ಮೇಲೆ ಹೊಡೆದಾಡುತ್ತ ಓಡುವ ಆಟ ಬೇಕೆಂದು ಹಂಬಲಿಸಿದವರು ಹೊಸ ಕೋಡು, ಹೊಸ ಚಿತ್ರ, ರೋಡ್ ರಿಡೆಂಪ್ಷನ್ ಎಂಬ ಹೊಸ ಹೆಸರಿನೊಡನೆ 2017ರಲ್ಲಿ ಆಟವನ್ನು ಮಾರುಕಟ್ಟೆಗೆ ತಂದದ್ದು ಇದೇ ಹಾದಿಯಲ್ಲಿ.

ಆದರೆ ಕಲ್ಪನೆ ಮುಕ್ತವೆಂದು ಕಣ್ಣು ಮುಚ್ಚಿ ಹೊರಡುವಂತೆಯೂ ಇಲ್ಲ. ಅಮೆರಿಕದ ನ್ಯಾಯಾಲಯಗಳು ಕೊಟ್ಟ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1988ರಲ್ಲಿ ಕರಾಟೆಯ ಎರಡು ಆಟಗಳ ನಡುವಿನ ದಾವೆಯಲ್ಲಿ, ಕರಾಟೆ ಎಂದ ಮೇಲೆ ಒದೆತವೂ ಗುದ್ದೂ ತೀರ್ಪುಗಾರನೂ ಎರಡರಲ್ಲಿಯೂ ಇರುವುದೇ ಸಹಜ, ಆ ಹೋಲಿಕೆ ಕಳವಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2012ರಲ್ಲಿ ಟೆಟ್ರಿಸ್ ಕಂಪನಿಯು ಮಿನೊ ಎಂಬ ಐಫೋನ್ ಆಟದ ವಿರುದ್ಧ ಹೂಡಿದ ದಾವೆಯಲ್ಲಿ ತೀರ್ಪು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಬಂತು. ನಿಯಮಗಳನ್ನಷ್ಟೇ ತೆಗೆದುಕೊಂಡಿದ್ದೇವೆ, ಕೋಡು ನಮ್ಮದೇ ಎಂದು ಮಿನೊ ಮಾಡಿದವರು ವಾದಿಸಿದರು. ಅಂಕಣದ ಅಳತೆ, ಇಟ್ಟಿಗೆಗಳ ಬಣ್ಣ ಮತ್ತು ಆಕಾರ, ಇಟ್ಟಿಗೆ ಎಲ್ಲಿ ಬೀಳುತ್ತದೆಂದು ತೋರಿಸುವ ನೆರಳು, ಇವೆಲ್ಲವನ್ನೂ ಯಥಾವತ್ತಾಗಿ ಇಳಿಸಿರುವುದು ನಿಯಮದ ಅನುಕರಣೆಯಲ್ಲ, ರೂಪದ ನಕಲು ಎಂದು ನ್ಯಾಯಾಲಯ ತಳ್ಳಿಹಾಕಿತು. ಕೋಡು ಸ್ವಂತದ್ದಾಗಿದ್ದರೂ ಪರದೆಯ ಮೇಲೆ ಕಾಣುವುದು ಪರರದ್ದಾಗಿರಬಹುದು. ಈ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ವಾದ ಸಾಗುವ ದಿಕ್ಕನ್ನು ತೋರಿಸುತ್ತವೆ.

ಹಳೆಯ ಪ್ರೋಗ್ರಾಮನ್ನು ಬಿಡಿಸಿ ಓದಿ ಹೊಸದನ್ನು ಬರೆಯುವುದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸಿ ಅದರ ಹಿಂದಿನ ತತ್ವಗಳನ್ನು ಅರಿಯಲು ಸೆಕ್ಷನ್ 52(1)(ಎಸಿ) ಅನುಮತಿ ಕೊಡುತ್ತದೆ. ಸ್ವತಂತ್ರವಾಗಿ ರಚಿಸಿದ ಪ್ರೋಗ್ರಾಂ ಬೇರೆಯವುಗಳೊಡನೆ ಹೊಂದಿಕೊಂಡು ಕೆಲಸ ಮಾಡಲು ಅಗತ್ಯವಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಪಡೆಯಲು (ಎಬಿ) ಅವಕಾಶ ಕೊಡುತ್ತದೆ. ಆದರೆ ಅಭ್ಯಾಸ ಮಾಡುವುದು ಒಂದು, ಅಭ್ಯಾಸ ಮಾಡಿದ್ದನ್ನು ಸಾಲುಸಾಲಾಗಿ ಇಳಿಸಿ ಪ್ರಕಟಿಸುವುದು ಇನ್ನೊಂದು. ನಮ್ಮ ಹುಡುಗರಿಗೆ ಅಚ್ಚುಮೆಚ್ಚಿನ ವೈಸ್ ಸಿಟಿ ಆಟದ ವಿಷಯದಲ್ಲಿ ನಡೆದದ್ದು ಇದೇ. ಹವ್ಯಾಸಿಗಳ ತಂಡವೊಂದು ಆ ಆಟದ ಮತ್ತು ಅದಕ್ಕೂ ಹಿಂದಿನ ಆಟದ ಪ್ರೋಗ್ರಾಂಗಳನ್ನು ಬಿಡಿಸಿ, ಓದಬಲ್ಲ ಕೋಡಾಗಿ ಮರಳಿ ಬರೆದು, ಕೋಡು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟಿತು. ಚಿತ್ರ, ಧ್ವನಿಗಳನ್ನು ಅವರು ಕೊಟ್ಟಿರಲಿಲ್ಲ; ಆಡುವವರೇ ತಮ್ಮ ಅಸಲಿ ಪ್ರತಿಯಿಂದ ತರಬೇಕಿತ್ತು. ಆದರೂ ಆಟದ ಮಾಲೀಕರಾದ ಟೇಕ್-ಟೂ ಕಂಪನಿ 2021ರ ಫೆಬ್ರುವರಿಯಲ್ಲಿ ನೋಟಿಸ್ ಕೊಟ್ಟು, ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆಯನ್ನೇ ಹೂಡಿತು. ಅದೇ ವರ್ಷ ಹೊಸ ರೂಪದ ಆವೃತ್ತಿಯನ್ನು ಬಿಡುಗಡೆ ಮಾಡುವ ಮುನ್ನ ಹಳೆಯ ಮೂಲ ಆಟವನ್ನು ಡಿಜಿಟಲ್ ಅಂಗಡಿಗಳಿಂದ ತೆಗೆದುಹಾಕಿದ್ದೂ ಆ ಕಡೆಯವರೇ. ಕೈಬಿಟ್ಟಂತೆ ಕಾಣುವುದು ಎಷ್ಟೋ ಸಲ ವ್ಯಾಪಾರದ ನಡೆಯಾಗಿರುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉಪಾಯವೊಂದಿದೆ. ಒಂದು ತಂಡ ಹಳೆಯ ಪ್ರೋಗ್ರಾಮನ್ನು ಅಭ್ಯಸಿಸಿ ಅದು ಏನು ಮಾಡುತ್ತದೆಂಬುದನ್ನು ಮಾತ್ರ ಬರವಣಿಗೆಯಲ್ಲಿ ವಿವರಿಸುತ್ತದೆ. ಆ ಪ್ರೋಗ್ರಾಮನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಮುಂದಿಟ್ಟುಕೊಂಡು ಹೊಸದಾಗಿ ಕೋಡು ಬರೆಯುತ್ತದೆ. ಕಾಲೇಜಿನಲ್ಲಿ ಎರಡು ಪ್ರಾಜೆಕ್ಟ್ ತಂಡಗಳಿಗೆ ಹಂಚಿಕೊಡಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋರುವುದಿಲ್ಲ. ಚಿತ್ರ ಮತ್ತು ಧ್ವನಿಗಳ ವಿಷಯದಲ್ಲಿ ಡೂಮ್ ಆಟದ ಮಾದರಿ ಇದೆ. ಐಡಿ ಸಾಫ್ಟ್‌ವೇರ್ ಸಂಸ್ಥೆ 1993ರ ಆ ಆಟದ ಸೋರ್ಸ್ ಕೋಡನ್ನು 1997ರಲ್ಲಿ ಪ್ರಕಟಿಸಿ, 1999ರಲ್ಲಿ ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಬದಲಿಸಿತು. ಚಿತ್ರ, ಧ್ವನಿ, ಹಂತಗಳ ನಕ್ಷೆಗಳನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡಿತು. ಫ್ರೀಡೂಮ್ ಎಂಬ ಯೋಜನೆಯವರು ಅವುಗಳ ಜಾಗಕ್ಕೆ ತಮ್ಮವೇ ಚಿತ್ರ, ತಮ್ಮವೇ ನಕ್ಷೆಗಳನ್ನು ಮಾಡಿ ಸೇರಿಸಿದರು. ಟ್ರಾನ್ಸ್‌ಪೋರ್ಟ್ ಟೈಕೂನ್ ಆಟದ ಮರುನಿರ್ಮಾಣವಾದ ಓಪನ್ ಟಿಟಿಡಿ ಸಹ 2004ರಲ್ಲಿ ಶುರುವಾದಾಗ ಮೂಲದ ಫೈಲುಗಳನ್ನೇ ಬೇಡುತ್ತಿತ್ತು. ಸ್ವಂತ ಚಿತ್ರ, ಶಬ್ದ, ಸಂಗೀತ ಸಿದ್ಧವಾಗಿ 2010ರ ಹೊತ್ತಿಗೆ ಅದು ಸ್ವಾವಲಂಬಿಯಾಯಿತು. ಮೂಲ ಪ್ರೋಗ್ರಾಮನ್ನು ಬಿಡಿಸಿ ಓದಿ ಹುಟ್ಟಿದ್ದಾದ್ದರಿಂದ ಅದರ ಆರಂಭ ಪ್ರಶ್ನಾತೀತವೇನಲ್ಲ ಎಂದೂ ಹೇಳಬೇಕು.

ಮುಕ್ತ ಪರವಾನಗಿ ಎಂದರೆ ಷರತ್ತಿಲ್ಲದ ಪರವಾನಗಿಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಸುಲಭವಾಗಿ ಮರೆಯುತ್ತಾರೆ. ಜಿಪಿಎಲ್ ಕೋಡಿನಿಂದ ಮಾಡಿದ ಆಟವನ್ನು ಹಂಚಿದರೆ ಅದರ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಒದಗಿಸಬೇಕು. ಅದನ್ನು ಅಡಗಿಸಿ, ಜಾಹೀರಾತು ತುರುಕಿ, ಪ್ಲೇ ಸ್ಟೋರಿಗೆ ಏರಿಸುವುದು ಮತ್ತೆ ಹಕ್ಕುಸ್ವಾಮ್ಯದ ಉಲ್ಲಂಘನೆಯೇ.

ಮಾಲೀಕರು ನಿಜವಾಗಿಯೂ ಪತ್ತೆಯಾಗದಿದ್ದರೆ ಏನು ಮಾಡಬೇಕು? ಕಾಯ್ದೆಯ ಸೆಕ್ಷನ್ 31ಎ ಇರುವುದು ಅದಕ್ಕೇ. ಕೃತಿ ಭಾರತದ ಜನರಿಗೆ ಸಿಗದಂತಾಗಿ, ಕರ್ತೃ ತೀರಿಕೊಂಡಿದ್ದರೆ ಅಥವಾ ಅಜ್ಞಾತನಾಗಿದ್ದರೆ, ಇಲ್ಲವೇ ಹಕ್ಕಿನ ಮಾಲೀಕರು ಸಿಗದಿದ್ದರೆ, ಅದನ್ನು ಪ್ರಕಟಿಸಲು ಯಾರು ಬೇಕಾದರೂ ಪರವಾನಗಿ ಕೇಳಬಹುದು. 2012ರ ತಿದ್ದುಪಡಿಯ ನಂತರ ಇದು ಭಾರತೀಯ ಕೃತಿಗಳಿಗಷ್ಟೇ ಸೀಮಿತವಲ್ಲ. ಆದರೆ ಅರ್ಜಿಗೆ ಮುಂಚೆ ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಸ್ತಾವವನ್ನು ಪ್ರಕಟಿಸಬೇಕು. ಮೊದಲು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಗುತ್ತಿದ್ದ ಈ ಅರ್ಜಿ 2021ರಲ್ಲಿ ಆ ಮಂಡಳಿ ರದ್ದಾದಾಗಿನಿಂದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ನಿಗದಿಯಾದ ರಾಯಧನವನ್ನು ಮಾಲೀಕರ ಹೆಸರಿನಲ್ಲಿ ಠೇವಣಿ ಇಡಬೇಕು. ಬಿ.ಇ. ಓದುವ ಹುಡುಗ ಒಂದು ಹಳೆಯ ಆಟಕ್ಕಾಗಿ ಇಷ್ಟು ದೂರ ನಡೆಯಲಾರ. ದೊಡ್ಡ ಪ್ರಕಾಶಕರನ್ನು ಮನಸ್ಸಿನಲ್ಲಿಟ್ಟು ಮಾಡಿದ ಬಾಗಿಲು ಅದು.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ 2010ಕ್ಕಿಂತ ಹಿಂದೆ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲಿಲ್ಲ. ಫ್ಲಾಪಿಯ ಕಾಂತೀಯ ಲೇಪನ ನಮ್ಮ ಬಿಸಿಲಿಗೂ ಧೂಳಿಗೂ ಬಹುಕಾಲ ಬಾಳದು. 2085ರಲ್ಲಿ ಹಕ್ಕು ಮುಗಿಯುವ ಹೊತ್ತಿಗೆ ಮುಕ್ತವಾಗಲು ಆಟವೇ ಉಳಿದಿರುವುದಿಲ್ಲ. ಆದ್ದರಿಂದ ಕದ್ದು ಹಂಚುವವರನ್ನು ಸಂರಕ್ಷಕರೆಂದು ಕರೆಯುವ ಆಸೆ ಹುಟ್ಟುವುದು ನನಗೂ ಅರ್ಥವಾಗುತ್ತದೆ. ಆದರೆ ಆ ಕೆಲಸ ಗ್ರಂಥಾಲಯಗಳದ್ದಾಗಬೇಕಿತ್ತು, ಅವುಗಳ ಕೈಯನ್ನು ಕಾಯ್ದೆಯೇ ಕಟ್ಟಿದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಇನ್ನು ಮೂರು ಗ್ರಂಥಾಲಯಗಳಿಗೆ ಕೊಡಬೇಕು. ಸಾಫ್ಟ್‌ವೇರಿಗೆ ಅಂತಹ ನಿಯಮವಿಲ್ಲ. ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು ಸೆಕ್ಷನ್ 52(1)(ಎನ್) ಒಪ್ಪುತ್ತದೆ, ಆದರೆ ಅದರ ಬಳಿ ಮೊದಲೇ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಇರಬೇಕು. ಹುಟ್ಟುವಾಗಲೇ ಡಿಜಿಟಲ್ ಆಗಿದ್ದ ಆಟಕ್ಕೆ ಡಿಜಿಟಲ್ ಅಲ್ಲದ ಪ್ರತಿಯನ್ನು ಎಲ್ಲಿಂದ ತರುವುದು? ಪಕ್ಕದಲ್ಲೇ ಇರುವ (ಒ) ಉಪವಿಧಿಯು ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಲು ಅಂಥ ಗ್ರಂಥಾಲಯಕ್ಕೆ ಅವಕಾಶ ಕೊಟ್ಟಿದೆ. ಮಾರಾಟದಲ್ಲಿಲ್ಲದ ಕೃತಿ ಎಂಬ ವರ್ಗವನ್ನು ನಮ್ಮ ಸಂಸತ್ತು ಪುಸ್ತಕದ ಮಟ್ಟಿಗೆ ಎಂದೋ ಗುರುತಿಸಿದೆ ಎಂದಾಯಿತು.

ಅಲ್ಲಿ ಪುಸ್ತಕದ ಜೊತೆಗೆ ಕಂಪ್ಯೂಟರ್ ಪ್ರೋಗ್ರಾಂ ಎಂಬ ಮಾತನ್ನು ಸೇರಿಸುವುದು, (ಎನ್) ಉಪವಿಧಿಯಿಂದ ಡಿಜಿಟಲ್ ಅಲ್ಲದ ಪ್ರತಿಯ ಷರತ್ತನ್ನು ತೆಗೆಯುವುದು, ಇಷ್ಟು ಸಣ್ಣ ತಿದ್ದುಪಡಿ ಸಾಕು. ಹಂಚಲು ಇದು ಪರವಾನಗಿಯಾಗುವುದಿಲ್ಲ, ಗ್ರಂಥಾಲಯದೊಳಗೆ ಕುಳಿತು ನೋಡಲು, ಆಡಲು, ಅಭ್ಯಸಿಸಲು ಮಾತ್ರ ಅನುಕೂಲವಾಗುತ್ತದೆ. ಅಮೆರಿಕದಲ್ಲಿ 2024ರ ಅಕ್ಟೋಬರಿನಲ್ಲಿ ಸಂಶೋಧಕರು ಮನೆಯಿಂದಲೇ ದೂರಸಂಪರ್ಕದ ಮೂಲಕ ಹಳೆಯ ಆಟಗಳನ್ನು ನೋಡಲು ಕೇಳಿದ ವಿನಾಯಿತಿಯನ್ನು ನಿರಾಕರಿಸಲಾಯಿತು. ನಾವು ಅಷ್ಟನ್ನು ಕೇಳುತ್ತಲೂ ಇಲ್ಲ. ಬೀದರ್ ಮತ್ತು ಕಲಬುರಗಿಯ ಸಂಸದರು ಇದನ್ನು ಸದನದ ಮುಂದಿಡಬಹುದು. ಯಾವ ಪಕ್ಷಕ್ಕೂ ಇದರಿಂದ ನಷ್ಟವಿಲ್ಲ.

ತಿದ್ದುಪಡಿ ಬರುವವರೆಗೂ ಗ್ರಂಥಾಲಯಗಳು ಸುಮ್ಮನಿರಬೇಕಾಗಿಲ್ಲ. ಅಸಲಿ ಡಿಸ್ಕನ್ನು ಅದರ ಪೆಟ್ಟಿಗೆ, ಕೈಪಿಡಿಗಳೊಡನೆ ದಾನವಾಗಿ ಪಡೆದು ಇಟ್ಟುಕೊಳ್ಳಲು ಹಕ್ಕುಸ್ವಾಮ್ಯ ಕಾಯ್ದೆಯ ಅಡ್ಡಿಯಿಲ್ಲ. ಕಾನೂನುಬದ್ಧವಾಗಿ ಪ್ರತಿಯನ್ನು ಹೊಂದಿದವರು ಅದು ಹಾಳಾಗದಂತೆ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳಲು ಸೆಕ್ಷನ್ 52(1)(ಎಎ) ಈಗಲೇ ಬಿಡುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಲಿ ತಮ್ಮ ಗ್ರಂಥಾಲಯದಲ್ಲಿ ಇದಕ್ಕೊಂದು ಕಪಾಟು ತೆರೆದು ಪ್ರಕಟಣೆ ಕೊಟ್ಟರೆ, ಅಸಲಿ ಪ್ರತಿಗಳನ್ನು ಇಟ್ಟುಕೊಂಡಿರುವ ಹಳೆಯ ತರಬೇತಿ ಕೇಂದ್ರಗಳ ಮಾಲೀಕರು ಅವನ್ನು ಗುಜರಿಗೆ ಹಾಕುವ ಬದಲು ಅಲ್ಲಿಗೆ ತಲುಪಿಸಬಹುದು.

ಇಂತಿ,
ಒಬ್ಬ ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕ,
ಕಲಬುರಗಿ